ಅವಳಿ ಊರುಗಳ ಹಾದಿಯಲ್ಲಿ ಆಟವೂ ಪಾಠವೂ

ಹುಬ್ಬಳ್ಳಿ-ಧಾರವಾಡಗಳ ನಡುವಣ ಹಾದಿಯು ಸುಮಾರು ಇಪ್ಪತ್ತು ಕಿಲೋಮೀಟರುಗಳಷ್ಟು. 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯ ಕೆಳಗೆ ಬಂದರೂ ಇವುಗಳ ಮನೋಧರ್ಮ ಬೇರೆ ಬೇರೆಯಾಗಿಯೇ ಉಳಿದಿದೆ. ಹುಬ್ಬಳ್ಳಿಯು ಅರಳೆ, ಕಾಳುಕಡಿ, ರೇಲ್ವೆಗಳ ಊರು. ಧಾರವಾಡವು ಸಾಲಿ, ಸಂಗೀತ, ಸಾಹಿತ್ಯಗಳ ಊರು. ಒಂದು ಗಳಿಸತಕ್ಕದ್ದು, ಇನ್ನೊಂದು ಕಲಿಯತಕ್ಕದ್ದು ಎಂದು ಹಿರಿಯರು ಎರಡಕ್ಕೂ ಪಾಲು ಹಂಚಿಕೊಟ್ಟಂತೆ ತೋರುತ್ತದೆ. ಈ ಪಾಲು ಪೂರ್ತಿ ನ್ಯಾಯವಾದುದೇನಲ್ಲ. ಹುಬ್ಬಳ್ಳಿಯಲ್ಲಿ ವಿದ್ಯಾಲಯಗಳಿಗೆ ಕೊರತೆಯಿಲ್ಲ; ಧಾರವಾಡದ ಪೇಢೆಯ ಅಂಗಡಿಯ ಮುಂದೆ ನಿಂತು ಕಾದವರು ಅದನ್ನು ವ್ಯಾಪಾರವರಿಯದ ಊರೆಂದು ಹೇಳಲಾರರು.

ಈ ಹಾದಿಯನ್ನು ನಾವು ನೂರಾರು ಸಲ ತುಳಿದವರೇ. ಈ ಸಲ ಮಾತ್ರ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟೆವು. ಇತ್ತೀಚೆಗೆ ಯಾವ ಗೃಹಸ್ಥರ ಮನೆಗೆ ಹೋದರೂ ಕುಶಲಪ್ರಶ್ನೆಯು ಮುಗಿಯುವ ಮೊದಲೇ ಒಂದು ದೂರು ಬರುತ್ತದೆ: “ಹುಡುಗ ಮೊಬೈಲ ಬಿಡವಲ್ಲ ನೋಡ್ರಿ, ಸದಾ ಆಟ. ಏನ ಮಾಡೋಣು ಹೇಳ್ರಿ?” ಹೇಳುವದಕ್ಕೆ ನಮ್ಮಲ್ಲಿ ಏನೂ ಇರುತ್ತಿರಲಿಲ್ಲ. ಆಟವಾಡುವ ಮಕ್ಕಳನ್ನು ಸ್ವಲ್ಪ ಹೊತ್ತು ನೋಡುತ್ತ, ಸಾಧ್ಯವಾದರೆ ಅವರೊಡನೆ ಮಾತಾಡುತ್ತ ಹೋಗಬೇಕೆಂಬುದೇ ಈ ಸಣ್ಣ ಪ್ರವಾಸದ ಉದ್ದೇಶವಾಗಿದ್ದಿತು.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೇಲ್ವೆ ನಿಲ್ದಾಣದಲ್ಲಿ 1507 ಮೀಟರು ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್ 12ರಂದು ಅದು ಉದ್ಘಾಟನೆಗೊಂಡಾಗ ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದುದೆಂದು ಹೆಸರಾಯಿತು. ಅದೇ ದಿನ ಧಾರವಾಡದ ಐಐಟಿಯ ಹೊಸ ಆವರಣವೂ ನಾಡಿಗೆ ಅರ್ಪಿತವಾಯಿತು. ಒಂದೂರಿಗೆ ಗಾಡಿ, ಇನ್ನೊಂದೂರಿಗೆ ವಿದ್ಯೆ. ಹಳೆಯ ಪಾಲಿನ ಪ್ರಕಾರವೇ ಆಯಿತಲ್ಲ ಎಂದು ನಾವು ನಕ್ಕಿದ್ದೆವು.

ಆ ಉದ್ದದ ಪ್ಲಾಟ್‌ಫಾರ್ಮಿನ ಒಂದು ಬಾಕಿನ ಮೇಲೆ ನಾಲ್ವರು ಹುಡುಗರು ಕುಳಿತಿದ್ದರು. ನಾಲ್ವರ ಕೈಯಲ್ಲಿಯೂ ಮೊಬೈಲು, ಕಿವಿಯಲ್ಲಿ ಸಣ್ಣ ಸಣ್ಣ ಗುಬುಟು. ಪಕ್ಕಪಕ್ಕದಲ್ಲಿಯೇ ಕುಳಿತಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡದೆ, ಬಹು ದೂರದಲ್ಲಿರುವವರಂತೆ ಕೂಗಿ ಮಾತಾಡುತ್ತಿದ್ದರು. ಅದೂ ಅರ್ಧ ಹಿಂದಿಯಲ್ಲಿ, ಅರ್ಧ ನಮ್ಮ ಕಡೆಯ ಕನ್ನಡದಲ್ಲಿ. ಏನು ನಡೆದಿದೆಯೆಂದು ಕೇಳಿದೆವು. “ಸ್ವಲ್ಪ ತಡೀರಿ ಅಜ್ಜಾರ, ಸರ್ಕಲ್ ಸಣ್ಣದಾಗಾಕ ಹತ್ತೈತಿ” ಎಂದು ಒಬ್ಬನು ತಲೆಯೆತ್ತದೆ ಉತ್ತರ ಕೊಟ್ಟನು.

ಈ ಆಟದ ರೀತಿಯನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು ಹೇಳಬೇಕು. ಬ್ಯಾಟಲ್‌ಗ್ರೌಂಡ್ಸ್ ಎಂಬ ಈ ಆಟದಲ್ಲಿ ನೂರು ಜನ ಆಟಗಾರರು ವಿಮಾನದಿಂದ ಕೊಡೆ ಬಿಚ್ಚಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಬರಿಗೈಯಿಂದ ಇಳಿದವರು ಮನೆಮನೆ ಹೊಕ್ಕು ಆಯುಧ, ಔಷಧ, ಕವಚಗಳನ್ನು ಕೂಡಿಸಿಕೊಳ್ಳಬೇಕು. ಇರಬಹುದಾದ ಜಾಗದ ಸುತ್ತು ಹೊತ್ತುಹೊತ್ತಿಗೆ ಕಿರಿದಾಗುತ್ತ ಬರುವದು, ಹೊರಗುಳಿದವನು ಸಾಯುವನು. ನಾಲ್ಕು ನಾಲ್ಕು ಜನರ ತಂಡ ಕಟ್ಟಿಕೊಂಡು ಆಡುವರು. ಬಿದ್ದ ಗೆಳೆಯನನ್ನು ಎಬ್ಬಿಸಬಹುದು, ತನ್ನ ಗಂಟನ್ನು ಅವನಿಗೆ ಕೊಡಬಹುದು. ಕೊನೆಗೆ ಉಳಿದ ತಂಡ ಗೆದ್ದಂತೆ. ಇದರ ಅಣ್ಣನಾದ ಪಬ್‌ಜಿಯನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರ ಜುಲೈಯಲ್ಲಿ ಈ ಹೊಸ ಹೆಸರಿನಿಂದ ಅದು ಮರಳಿ ಬಂದಿತು. 2022ರ ಜುಲೈಯಲ್ಲಿ ಮತ್ತೆ ಮರೆಯಾಗಿ 2023ರ ಮೇ ತಿಂಗಳಿನಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಆಟದೊಳಗಿನ ವೀರರಂತೆ ಆಟಕ್ಕೂ ಪುನರ್ಜನ್ಮಗಳುಂಟು.

ಸರ್ಕಲ್ ಮುಗಿಯಿತು, ಹುಡುಗರು ಗೆದ್ದರು. ಆಗ ನಮ್ಮ ಕಡೆಗೆ ತಿರುಗಿ ಅವರಲ್ಲೊಬ್ಬನು ಬಾಕಿನ ತುದಿಗೆ ಕುಳಿತ ತೆಳ್ಳನೆಯ ಹುಡುಗನನ್ನು ತೋರಿಸಿ, “ಇವನ ನಮ್ಮ ಲೀಡರ್ ರೀ. ಇವ ಹೇಳಿದಂಗ ಕೇಳಿದ್ರ ಗೆಲ್ಲೂದು ಖರೇ” ಎಂದನು. ಲೀಡರನ ಮುಖ ಅರಳಿತು. ನಾವು ಸಹಜವಾಗಿಯೇ, “ಎಷ್ಟನೇ ಇಯತ್ತೆಯಪ್ಪಾ?” ಎಂದು ಕೇಳಿದೆವು. ಅರಳಿದ ಮುಖ ಅಷ್ಟೇ ಬೇಗ ಮುದುಡಿತು. “ಹತ್ತನೇದು ರೀ. ಎರಡು ವಿಷಯ ಉಳದಾವ” ಎಂದು ಮೆಲ್ಲಗೆ ಹೇಳಿದನು. ಒಂದು ಗಳಿಗೆಯ ಹಿಂದೆ ಮೂವರಿಗೆ ಆಜ್ಞೆಮಾಡುತ್ತಿದ್ದ ಕಂಠ ಇದೇ ಏನು ಎಂದು ನಮಗೆ ಸಂಶಯ ಬಂದಿತು. ಇದನ್ನು ನಾವು ವಿಶೇಷವಾಗಿ ಗಮನಿಸಿದೆವು. ಮನೆಯಲ್ಲಿ ಕುಳಿತು ದೂರುವ ಹಿರಿಯರ ಕಣ್ಣಿಗೆ ಈ ಎರಡನೆಯ ಮುಖ ಮಾತ್ರ ಬೀಳುತ್ತದೆ.

ಆ ಹುಡುಗನು ಧಾರವಾಡಕ್ಕೆ ಹೊರಟವನು. ಅಲ್ಲಿ ಸಪ್ತಾಪುರದ ಒಂದು ಕೋಣೆಯಲ್ಲಿದ್ದು ಅವನ ಅಣ್ಣನು ಪೋಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದನು. ಉಳಿದ ಎರಡು ವಿಷಯಗಳನ್ನು ಅಣ್ಣನ ಹತ್ತಿರ ಕೂಡ್ರಿಸಿ ಓದಿಸಬೇಕೆಂದು ತಾಯ್ತಂದೆಗಳು ಕಳಿಸಿದ್ದರು. ಗೆಳೆಯರು ಬೀಳ್ಕೊಡಲು ಬಂದವರು. ನಮ್ಮ ದಾರಿಯೂ ಅದೇ ಆದುದರಿಂದ ಇಬ್ಬರೂ ಕೂಡಿ ಹೊರಗೆ ಬಂದು ಚಿಗರಿ ಬಸ್ಸನ್ನು ಹತ್ತಿದೆವು.

ಚಿಗರಿಯೆಂದರೆ ಜಿಂಕೆ. ಅವಳಿ ಊರುಗಳ ನಡುವೆ ರಸ್ತೆಯ ಮಧ್ಯದಲ್ಲಿ ತನಗೇ ಮೀಸಲಾದ ಹಾದಿಯಲ್ಲಿ ಓಡುವ ಈ ತಂಪುಗಾಳಿಯ ಬಸ್ಸುಗಳಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. 2018ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2020ರ ಫೆಬ್ರುವರಿಯಲ್ಲಿ ವಿಧಿಪೂರ್ವಕವಾಗಿ ಉದ್ಘಾಟಿತವಾದ ವ್ಯವಸ್ಥೆಯಿದು. ಒಳಗೆ ನಿಂತವರು, ಕುಳಿತವರು, ಅರ್ಧಕ್ಕೆ ಹೆಚ್ಚು ಜನ ತಲೆ ಬಗ್ಗಿಸಿಕೊಂಡೇ ಇದ್ದರು. ಜಪಮಾಡುವವರಂತೆ ಹೆಬ್ಬೆರಳುಗಳು ಮಾತ್ರ ಆಡುತ್ತಿದ್ದವು.

ಈ ಮೊಬೈಲು ಮನೆಯನ್ನು ಹೊಕ್ಕಿದ್ದು ಹೇಗೆಂಬುದನ್ನು ಗೃಹಸ್ಥರು ಒಮ್ಮೆ ನೆನೆಸಿಕೊಳ್ಳಬೇಕು. 1990ರ ಸುಮಾರಿಗೆ ಟಿವಿಗೆ ತಂತಿ ಹಚ್ಚಿ ಮಾರಿಯೋ ಆಡುವ ಪೆಟ್ಟಿಗೆಗಳು ಕೆಲವೇ ಮನೆಗಳಲ್ಲಿದ್ದವು; ಆಮೇಲೆ ತಾಸಿನ ಲೆಕ್ಕದಲ್ಲಿ ಹಣ ಕೊಟ್ಟು ಸೈಬರ್ ಕೆಫೆಗಳಲ್ಲಿ ಆಡುವ ಕಾಲ ಬಂದಿತು. ಆಗ ಆಟಕ್ಕೆ ಒಂದು ಸ್ಥಳವಿತ್ತು, ಒಂದು ವೇಳೆಯಿತ್ತು. ತಂದೆಯು ಹೋಗಿ ಕಿವಿಹಿಡಿದು ಎಳೆದು ತರಬಹುದಾದ ಬಾಗಿಲೊಂದಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಸಾಲಿಗಳು ಮುಚ್ಚಿದಾಗ ಪಾಠವೇ ಮೊಬೈಲಿನೊಳಗೆ ಸೇರಿತು. ಬಡಮನೆಗಳಲ್ಲಿಯೂ ಸಾಲ ಮಾಡಿ ಹುಡುಗರಿಗೆ ಮೊಬೈಲು ಕೊಡಿಸಿದರು. ಹೀಗೆ ವಿದ್ಯೆಯ ಹೆಸರು ಹೇಳಿಕೊಂಡು ಮುಂಬಾಗಿಲಿನಿಂದ ಬಂದ ಅತಿಥಿಯು ಆಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದನು. ಅದಕ್ಕಾಗಿ ಬರಿಯ ಹುಡುಗನನ್ನು ಹಳಿಯುವದು ನ್ಯಾಯವೆನಿಸದು.

ವಿದ್ಯಾನಗರ ಬಂದಿತು. 1947ರಲ್ಲಿ ಆರಂಭವಾದ ಬಿ.ವ್ಹಿ.ಬಿ. ಇಂಜಿನಿಯರಿಂಗ್ ಕಾಲೇಜು, ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಬಲಕ್ಕೋ ಎಡಕ್ಕೋ ಎಂದು ನೋಡುವಷ್ಟರಲ್ಲಿ ಚಿಗರಿಯು ದಾಟಿಬಿಟ್ಟಿತು. ನಾವು ಹುಡುಗನ ಕೈಗೆ ನಮ್ಮ ಟಿಪ್ಪಣಿ ಪುಸ್ತಕವನ್ನು ಕೊಟ್ಟು, ನಿನ್ನ ಆಟದ ದ್ವೀಪವನ್ನು ಬರೆದು ತೋರಿಸು ಎಂದೆವು. ಒಂದು ಕ್ಷಣವೂ ಯೋಚಿಸದೆ ಅವನು ಬರೆಯತೊಡಗಿದನು. ಎರಾಂಗಲ್ ಎಂದು ಅದರ ಹೆಸರು. ಎಂಟು ಕಿಲೋಮೀಟರು ಉದ್ದ, ಎಂಟು ಕಿಲೋಮೀಟರು ಅಗಲ. ದಕ್ಷಿಣಕ್ಕೆ ಒಂದು ಬೇರೆ ತುಂಡು ನೆಲ, ಅದರ ಮೇಲೆ ದಂಡಿನ ಠಾಣ್ಯ, ಅಲ್ಲಿಗೆ ಹೋಗಲು ಎರಡು ಸೇತುವೆ. ಯಾವ ಗುಡ್ಡದ ಮೇಲಿಂದ ಯಾವ ದಾರಿ ಕಾಣುವದು, ಯಾವ ಸೇತುವೆಯ ಮೇಲೆ ಹೊಂಚು ಹಾಕುವರು, ಯಾವ ಊರಿನಲ್ಲಿ ಇಳಿದರೆ ಬೇಗ ಕೈ ತುಂಬುವದು, ಎಲ್ಲವನ್ನೂ ಹೇಳಿದನು. “ಸಾಲ್ಯಾಗ ನಕಾಶೆ ಪ್ರಶ್ನೆ ಬಂದಿತ್ತಲ್ಲ, ಅದರಾಗ ಎಷ್ಟು ಬಂದ್ವು?” ಎಂದೆವು. ಅವನು ನಕ್ಕನು. ಉಳಿದ ಎರಡು ವಿಷಯಗಳಲ್ಲಿ ಒಂದು ಸಮಾಜ ವಿಜ್ಞಾನವೇ ಆಗಿದ್ದಿತು.

ಸಮುದ್ರದಾಚೆಯ ಒಬ್ಬ ಪಂಡಿತರಿಗೂ ಇಂಥದೇ ಬೆರಗಾಯಿತು. ಜೇಮ್ಸ್ ಪಾಲ್ ಜೀ ಎಂಬ ಅಮೇರಿಕದ ಭಾಷಾಶಾಸ್ತ್ರಜ್ಞರು ಐವತ್ತು ದಾಟಿದ ಮೇಲೆ, ತಮ್ಮ ಸಣ್ಣ ಮಗನ ಆಟವನ್ನು ನೋಡಿ, ತಾವೂ ವಿಡಿಯೋ ಆಟಕ್ಕೆ ಕುಳಿತರು. ಮೇಲಿಂದ ಮೇಲೆ ಸೋತರು. ಇಷ್ಟು ಕಠಿನವೂ ದೀರ್ಘವೂ ಆದುದನ್ನು ಮಕ್ಕಳು ದುಡ್ಡು ಕೊಟ್ಟು ಕಲಿಯುತ್ತಾರೆ, ಸಾಲೆಯಲ್ಲಿ ಇದಕ್ಕಿಂತ ಸುಲಭವಾದುದನ್ನು ಒಲ್ಲೆನೆನ್ನುತ್ತಾರೆ, ಇದೇನು ಸೋಜಿಗ ಎಂದು ಆಲೋಚಿಸಿ 2003ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅವರ ಮತದಂತೆ ಆಡುವವನಲ್ಲಿ ಮೂರು ರೂಪಗಳಿವೆ. ಕುರ್ಚಿಯ ಮೇಲೆ ಕುಳಿತ ನಿಜವಾದ ಮನುಷ್ಯನು ಒಂದು. ತೆರೆಯ ಮೇಲೆ ಓಡಾಡುವ ವೇಷವು ಇನ್ನೊಂದು. ಇವೆರಡರ ನಡುವೆ, ಈ ವೇಷವು ಎಂಥದಾಗಬೇಕು, ಯಾವ ಕೆಲಸಕ್ಕೆ ಹೇಸಬೇಕು, ಯಾವುದಕ್ಕೆ ಮುನ್ನುಗ್ಗಬೇಕೆಂದು ಆಡುವವನು ಬಯಸುವ ರೂಪವು ಮೂರನೆಯದು. ಕಲಿಕೆಯೆಲ್ಲ ನಡೆಯುವದು ಈ ಮೂರನೆಯದರಲ್ಲಿ. ವಿಜ್ಞಾನದ ತಾಸಿನಲ್ಲಿ ಹುಡುಗನು ತಾನು ವಿಜ್ಞಾನಿಯೆಂಬ ವೇಷವನ್ನು ಧರಿಸಲು ಎಡೆ ಸಿಕ್ಕರೆ ಕಲಿಯುವನು. ಸಿಗದಿದ್ದರೆ ಬರಿಯ ಕಂಠಪಾಠ ಮಾಡುವನು, ಇಲ್ಲವೆ ಅದನ್ನೂ ಮಾಡಲಾರನು.

ಇದನ್ನು ಓದಿದಾಗ ನಮಗೆ ಹೊಸದೆಂದು ತೋರಲಿಲ್ಲ. ವೇಷವೆಂಬ ಮಾತನ್ನು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡಾಟದಲ್ಲಿ ಭೀಮನಾಗುವ ಒಕ್ಕಲಿಗನು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡುತ್ತಾನೆ. ಅಕ್ಷರ ಬಾರದವರೂ ನೂರಾರು ಮಾತು-ಪದಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದಾರೆ. ಕಿರೀಟ, ಭುಜಕೀರ್ತಿಗಳನ್ನು ಕಟ್ಟಿ ರಂಗದ ಮೇಲೆ ಬಂದವನು ಬೆಳಗಾದ ಮೇಲೆ ಬಾರುಕೋಲು ಹಿಡಿದು ಹೊಲಕ್ಕೆ ಹೋಗುತ್ತಾನೆ. ಆದರೆ ಊರವರು ಅವನನ್ನು ಮುಂದೆ ಭೀಮನೆಂದೇ ಕರೆಯುವದುಂಟು, ಅವನ ನಡಿಗೆಯಲ್ಲಿಯೂ ಸ್ವಲ್ಪ ಭೀಮ ಉಳಿದಿರುವದುಂಟು. ಉಣಕಲ್ಲಿನ ಚಂದ್ರಮೌಳೀಶ್ವರನ ಗುಡಿಯ ಕಡೆಗೆ ತಿರುಗುವ ದಾರಿ ಕಂಡಾಗ ಮತ್ತೊಂದು ನೆನಪಾಯಿತು. ನಮ್ಮ ನಾಡಿನ ಎಷ್ಟೋ ಗುಡಿಗಳ ಜಗುಲಿಕಲ್ಲುಗಳ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಕೊರೆದಿದ್ದಾರೆ. ದೇವರ ಎದುರಿನಲ್ಲಿಯೇ ಆಟಕ್ಕೆ ಕಲ್ಲು ಬಿಟ್ಟುಕೊಟ್ಟವರು ನಮ್ಮ ಹಿರಿಯರು.

ಇನ್ನು ಮಾಡಿದ್ದನ್ನೇ ಮಾಡುವ ಮಾತು. ನಾವು ಬಿಟ್ಟುಬಂದ ಆ ರೇಲ್ವೆ ನಿಲ್ದಾಣದಿಂದಲೇ 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಗಾಡಿ ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿಗೆ ಪಾಠಕ್ಕೆ ಹೋಗುತ್ತಿದ್ದರು. ಗುರುಗಳು ಹೆಚ್ಚು ರಾಗಗಳನ್ನು ಹೇಳಿಕೊಡುವ ಸ್ವಭಾವದವರಲ್ಲ; ಒಂದೇ ಪಲುಕನ್ನು ಕೈಗೆ ಹತ್ತುವ ವರೆಗೆ ತಿದ್ದಿಸುವವರು. ಸಾಲೆಯ ಲೆಕ್ಕದಲ್ಲಿ ಗಂಗೂಬಾಯಿಯವರ ಓದು ಪ್ರಾಥಮಿಕ ಹಂತಕ್ಕೇ ನಿಂತುಹೋಗಿದ್ದಿತು. ಅವರ ಹೆಸರಿನಿಂದ ಇಂದು ಮೈಸೂರಿನಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ತಪ್ಪಿದ ಸ್ವರಕ್ಕೆ ಆ ಗುರುಕುಲದಲ್ಲಿ ನಾಪಾಸೆಂಬ ಹೆಸರಿರಲಿಲ್ಲ. “ಇನ್ನೊಮ್ಮೆ” ಎಂಬುದೊಂದೇ ಇದ್ದಿತು. ಸತ್ತರೆ ಅರ್ಧ ತಾಸಿನಲ್ಲಿ ಮತ್ತೆ ಕೊಡೆ ಬಿಚ್ಚಿ ಇಳಿಯಬಹುದೆಂಬ ಧೈರ್ಯವೇ ನಮ್ಮ ಹುಡುಗನನ್ನು ಲೀಡರನನ್ನಾಗಿ ಮಾಡಿದೆ. ನೂರಾರು ಸಲ ಸತ್ತಿದ್ದೇನೆಂದು ಅವನು ಸ್ವಲ್ಪವೂ ನಾಚದೆ ಹೇಳಿದನು. ಒಂದು ಸಲ ನಾಪಾಸಾದುದನ್ನು ಹೇಳಲು ಮಾತ್ರ ಅವನಿಗೆ ಕಂಠ ಬರಲಿಲ್ಲ.

ನಮ್ಮ ರಾಜ್ಯದ ಪರೀಕ್ಷಾ ಮಂಡಲಿಯವರಿಗೂ ಇದರ ಅರಿವು ಆಗಿರಬೇಕು. 2024ರಲ್ಲಿ ಹತ್ತನೆಯ ಇಯತ್ತೆಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ಏರ್ಪಡಿಸಿ, ಹೆಚ್ಚು ಅಂಕ ಬಂದುದನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟರು. ಇದರಿಂದ ಪರೀಕ್ಷೆಯ ಬೆಲೆ ಕುಂದಿತೆಂದು ಮೂಗು ಮುರಿದವರು ಬಹು ಜನ. ನಮಗೇನೋ ಇದು ಒಳ್ಳೆಯ ಹೆಜ್ಜೆಯೆಂದೇ ತೋರುತ್ತದೆ. ಮನೆಯವರ ಮಾತು ಮಾತ್ರ ಹಿಂದುಳಿದಿದೆ. ಮಂಡಲಿಯು “ಮತ್ತೊಮ್ಮೆ ಬರೆ” ಎಂದರೂ ಮನೆಯಲ್ಲಿ “ನಾಪಾಸ್ ಆದವ” ಎಂಬ ಬಿರುದು ಹಾಗೆಯೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಆಟದ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ದೊಡ್ಡಾಟವು ಬೆಳಗಾದರೆ ಮುಗಿಯುವದು. ಇದು ಮುಗಿಯುವದೇ ಇಲ್ಲ. ಭೀಮನ ಕಿರೀಟವು ಊರ ಸ್ವತ್ತು. ಇಲ್ಲಿ ವೇಷದ ಅಂಗಿ, ಟೊಪ್ಪಿಗೆಗಳನ್ನು ನಿಜವಾದ ಹಣದಿಂದ ಕೊಳ್ಳಬೇಕು. ಆ ಅಂಗಿ ತೊಟ್ಟವನು ಹೆಚ್ಚು ಚೆನ್ನಾಗಿ ಗುರಿಯಿಡುವನೆಂದಲ್ಲ, ಹತ್ತು ಜನರ ಕಣ್ಣಿಗೆ ಬೀಳುವನು, ಅಷ್ಟೇ. ತಂದೆಯ ಖಾತೆಯಿಂದ ಹಣ ಹಾರಿಹೋದ ಮನೆಗಳನ್ನು ನಾವು ಬಲ್ಲೆವು. ಗುರುವಿಗೆ ಶಿಷ್ಯನು ಎದ್ದು ಹೋಗಿ ಹಾಡಬೇಕೆಂಬ ಆಸೆ. ಆಟದ ವ್ಯಾಪಾರಿಗೆ ಅವನು ಏಳಲೇಬಾರದೆಂಬ ಆಸೆ. ಕಣ್ಣಿನ ಚುರುಕು ಹೆಚ್ಚುವದೆಂದು 2003ರಷ್ಟು ಹಿಂದೆಯೇ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ, ದಿಟ. ಆದರೆ ಆ ಚುರುಕು ತಾನಾಗಿಯೇ ಹೋಗಿ ಗಣಿತದ ಪುಸ್ತಕದಲ್ಲಿ ಕೂಡ್ರುವದಿಲ್ಲ. ನಿದ್ದೆ, ಊಟ, ಓದುಗಳನ್ನು ಬಿಟ್ಟು, ಕೆಡುಕಾಗುತ್ತಿದ್ದರೂ ಹಿಡಿತವಿಲ್ಲದೆ ಒಂದು ವರ್ಷದಷ್ಟಾದರೂ ಆಡುವದನ್ನು ವಿಶ್ವ ಆರೋಗ್ಯ ಸಂಸ್ಥೆಯು ವ್ಯಾಧಿಗಳ ಪಟ್ಟಿಯಲ್ಲಿ ಸೇರಿಸಿದೆ; ಆ ಪಟ್ಟಿಯು 2022ರ ಜನವರಿಯಿಂದ ಜಾರಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ಇದಕ್ಕಾಗಿ ಬೇರೆ ಚಿಕಿತ್ಸಾಲಯ ತೆರೆದರು. ಧಾರವಾಡದಲ್ಲಿಯೂ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗುವದಕ್ಕೆ ಲಜ್ಜೆಪಡುವ ಕಾರಣವಿಲ್ಲ. ಆದರೆ ಆಡುವವರೆಲ್ಲ ರೋಗಿಗಳಲ್ಲವೆಂಬುದನ್ನೂ ಆ ಸಂಸ್ಥೆಯೇ ಹೇಳುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಸ್ಪರ್ಧೆಯ ಆಟಗಳನ್ನು ಬೇರೆಯಾಗಿ ಎಣಿಸುವ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿತು. ಜೂಜು ಬೇರೆ, ಆಟ ಬೇರೆ ಎಂಬ ಈ ಭೇದವು ನಮ್ಮ ಮನೆಗಳಲ್ಲಿ ಪಗಡಿ ಆಡುವ ಕಾಲದಿಂದಲೂ ಇದ್ದುದೇ.

ನವನಗರ, ಸತ್ತೂರುಗಳನ್ನು ಹಿಂದೆ ಹಾಕಿ ಧಾರವಾಡದ ಏರನ್ನು ಹತ್ತಿದೆವು. ಈ ಊರಿನಲ್ಲಿ 1917ನೆಯ ವರ್ಷದಲ್ಲಿ ಎರಡು ಸಂಗತಿಗಳಾದವು. ಕರ್ನಾಟಕ ಕಾಲೇಜು ಆರಂಭವಾಯಿತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಕಾಲೇಜು ಪದವಿ ಕೊಟ್ಟಿತು, ನೌಕರಿ ಕೊಟ್ಟಿತು, ಒಳ್ಳೆಯದಾಯಿತು. ಆದರೆ ಮುಂಬಯಿ ಇಲಾಖೆಯ ಮೂಲೆಯಲ್ಲಿದ್ದ ತರುಣನಿಗೆ ತಾನು ಪುಲಿಕೇಶಿಯ ನಾಡಿನವನು, ಹಕ್ಕ-ಬುಕ್ಕರ ವಾರಸದಾರನು ಎಂಬ ರೂಪವನ್ನು ಕೊಟ್ಟದ್ದು ಯಾವ ಪರೀಕ್ಷೆಗೂ ಇರದ ಆ ಪುಸ್ತಕ. ಆ ರೂಪವನ್ನು ಧರಿಸಿದವರು ಮುಂದೆ 1956ರಲ್ಲಿ ನಾಡನ್ನು ಒಂದುಗೂಡಿಸಿದರು. ನಮ್ಮ ಹುಡುಗನು ಆಟದಲ್ಲಿ ಇಟ್ಟುಕೊಂಡ ಹೆಸರನ್ನು ಕೇಳಿದೆವು. ಇಂಗ್ಲಿಷ್ ಅಕ್ಷರಗಳಿಗೆ ಕೋಡು, ಬಾಲ, ಕಿರೀಟಗಳನ್ನು ಅಂಟಿಸಿದ ಒಂದು ಚಿತ್ರವನ್ನು ತೋರಿಸಿದನು. ಓದಲು ನಮಗೆ ಸಾಧ್ಯವಾಗಲಿಲ್ಲ. ಕನ್ನಡದ್ದೇಕಿಲ್ಲ ಎಂದುದಕ್ಕೆ, “ಬಿಹಾರದಾವ್ರು, ಪಂಜಾಬದಾವ್ರು ಇರ್ತಾರ್ರಿ, ಅವರಿಗೆ ಓದಾಕ ಬರಬೇಕಲ್ಲ” ಎಂದನು. ಉತ್ತರವು ಸರಿಯಾಗಿಯೇ ಇದ್ದಿತು. ಆದರೂ ಧಾರವಾಡದ ಹೊಸ್ತಿಲಲ್ಲಿ ಕೇಳಿದ್ದರಿಂದಲೋ ಏನೋ, ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು.

ಸಪ್ತಾಪುರವು ಈಗ ಒಂದು ವಿಚಿತ್ರವಾದ ಪೇಟೆ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದ ತರುಣರು ಕೆಎಎಸ್, ಪೋಲೀಸು, ಶಿಕ್ಷಕ ಹುದ್ದೆಗಳ ಪರೀಕ್ಷೆಗೆ ಓದುತ್ತ ಇಲ್ಲಿ ಬಾಡಿಗೆಯ ಕೋಣೆಗಳಲ್ಲಿ ವರ್ಷಗಟ್ಟಲೆ ಕಳೆಯುತ್ತಾರೆ. ಗೋಡೆಗೋಡೆಗೂ ತರಬೇತಿ ಕೇಂದ್ರಗಳ ಫಲಕ. ದುಡ್ಡು ಕೊಟ್ಟು ಕುರ್ಚಿ ಹಿಡಿದು ಓದುವ ವಾಚನಾಲಯಗಳು. ಹುಡುಗನ ಅಣ್ಣನು ನಮ್ಮನ್ನು ಮೇಲಿನ ಕೋಣೆಗೆ ಕರೆದೊಯ್ದು ಚಹಾ ಕೊಟ್ಟನು. ಅಲ್ಲಿ ನಾಲ್ವರಿದ್ದರು, ಪರಸ್ಪರರನ್ನು “ಸಾಹೇಬ್ರ” ಎಂದು ಕರೆಯುತ್ತಿದ್ದರು. ಯಾರಿಗೂ ಇನ್ನೂ ನೌಕರಿ ಬಂದಿರಲಿಲ್ಲ. ಗೋಡೆಯ ಗೂಟಕ್ಕೆ ಒಂದು ಖಾಕಿ ಟೊಪ್ಪಿಗೆ ತೂಗಾಡುತ್ತಿದ್ದಿತು. ಇದೇನೆಂದು ಕೇಳಲು, “ದಿನಾ ನೋಡಿದ್ರ ಓದಾಕ ಮನಸ್ಸು ಬರತೈತ್ರಿ” ಎಂದನು ಅಣ್ಣ. ಅಮೇರಿಕದ ಪಂಡಿತರು ಈ ಕೋಣೆಯನ್ನು ನೋಡಬೇಕಾಗಿದ್ದಿತು.

ಸಂಜೆಯ ಹೊತ್ತಿಗೆ ಇವರಲ್ಲಿ ಒಬ್ಬನು ಪ್ರಶ್ನೆ ಕೇಳುವವನಾಗಿ ಉಳಿದವರು ಉತ್ತರ ಹೇಳುವ ಪದ್ಧತಿಯಿದೆ. ಅಂದು ಕೇಳುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿದರು. ಅವನು ಮೊದಲು ಸಂಕೋಚಪಟ್ಟನು. ಎರಡು ಪ್ರಶ್ನೆಗಳಾದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಕೇಳಿದ್ದ ಆ ಗಟ್ಟಿ ಕಂಠ ಮರಳಿ ಬಂದಿತು. ಮಲಪ್ರಭೆಯು ಎಲ್ಲಿ ಹುಟ್ಟುವದೆಂದು ಕೇಳಿದನು. ಕಣಕುಂಬಿಯೆಂದು ಅಣ್ಣನು ಹೇಳಿದನು. ಶಾಲ್ಮಲೆಯು ಎಲ್ಲಿ ಹುಟ್ಟುವದೆಂದು ಕೇಳಿದನು. ನಾಲ್ವರು ಸಾಹೇಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಪುಸ್ತಕದಲ್ಲಿ ಉತ್ತರವನ್ನು ಓದಿದ ಹುಡುಗನಿಗೆ ತನಗೇ ನಂಬಿಕೆ ಬರಲಿಲ್ಲ: “ಇಲ್ಲೇ ಅಂತ್ರಿ! ಧಾರವಾಡದಾಗ, ಸೋಮೇಶ್ವರ ಗುಡಿ ಹತ್ತಿರ!” ಎಂದು ಕೂಗಿದನು. ಅವರಲ್ಲಿ ಮೂವರು ಮೂರು ವರ್ಷಗಳಿಂದ ಆ ಊರಿನಲ್ಲಿದ್ದವರು.

ನಮ್ಮ ಟಿಪ್ಪಣಿ ಪುಸ್ತಕವನ್ನು ಅವನು ಮತ್ತೆ ಕೇಳಿ ಇಸಕೊಂಡನು. ಎರಾಂಗಲ್ಲಿನ ಎದುರು ಪುಟದಲ್ಲಿ ಸಪ್ತಾಪುರದಿಂದ ಸೋಮೇಶ್ವರಕ್ಕೆ ಹೋಗುವ ದಾರಿಯನ್ನು ಅಣ್ಣನಿಂದ ಕೇಳಿ ಕೇಳಿ ಗೆರೆ ಎಳೆಯತೊಡಗಿದನು. ಅವನ ಎರಡನೆಯ ಪರೀಕ್ಷೆಗೆ ಇನ್ನೂ ಕೆಲವು ವಾರಗಳಿದ್ದವು. ನದಿಯನ್ನು ನೋಡಲು ಮರುದಿನ ಮುಂಜಾನೆ ಆರು ಗಂಟೆಗೆ ಐವರೂ ಹೊರಡುವದೆಂದು ಗೊತ್ತಾಯಿತು.